ಕೆಂಪು ದಾಟದ ಮಾವ

ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತಟ್ಟಿ, ಕೊನೆಗೆ ಸೊಸೆಯೇ ತೂಕಡಿಸುವ ಹೊತ್ತಿಗೆ ಅದಕ್ಕೂ ನಿದ್ದೆ ಹತ್ತಿತು. ತುಂಬಿದ ಲೋಟ ಇಳಿಸುವ ಹಾಗೆ ಅದನ್ನು ಹಾಸಿಗೆಯ ಮೇಲಿಳಿಸಿ, ತುದಿಗಾಲಲ್ಲಿ ಹೊರಬಂದು, ಉಸಿರು ಬಿಗಿಹಿಡಿದು ಬಾಗಿಲು ಎಳೆದುಕೊಂಡಳು. ಅದೇ ಗಳಿಗೆಗೆ ನಡುಮನೆಯಿಂದ ಸೈರನ್ ಕೂಗಿತು.

ಬೆಂಕಿ ಆರಿಸುವ ಗಾಡಿ ಮನೆಯೊಳಕ್ಕೇ ನುಗ್ಗಿತೇನೋ ಎಂದು ಓಡಿದಳು. ಕೂಗುತ್ತಿದ್ದದ್ದು ಕಂಪ್ಯೂಟರು. ಪರದೆ ತುಂಬ ಕೆಂಪು, ಅದರ ನಡುವೆ ದಪ್ಪ ಅಕ್ಷರ: ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ಆಫ್ ಮಾಡಬೇಡಿ. ಮುಚ್ಚಬೇಡಿ. ಕೂಡಲೇ ಈ ನಂಬರಿಗೆ ಕರೆ ಮಾಡಿ.’ ಒಂದು ಹೆಣ್ಣು ದನಿ ಅದನ್ನೇ ಹೇಳಿದ್ದು ಹೇಳುತ್ತಿತ್ತು. ಮಾವ ಅದರೆದುರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

“ಏನ್ ಮಾಡಿದ್ರಿ ಮಾವ?”

“ನಾನೇನೂ ಮಾಡ್ಲಿಲ್ಲಮ್ಮ. ಹಳೇ ಉಗಿ ಎಂಜಿನ್ನಿನ ವಿಡಿಯೋ ನೋಡ್ತಿದ್ದೆ. ಇನ್ನೂ ದೊಡ್ಡ ಎಂಜಿನ್ ನೋಡ್ಬೇಕಾ ಅಂತ ಅದೇ ಕೇಳ್ತು. ಹೂಂ ಅಂದೆ, ಅಷ್ಟೇ.”

ಸೊಸೆ ಗಡಿಯಾರ ನೋಡಿದಳು. ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಅವಳ ಶಾಲೆ ಇತ್ತು.

ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕೆಲಸ. ಮಗು ಹುಟ್ಟಿ ಮನೆಯಿಂದಲೇ ಬರೆಯತೊಡಗಿದ ಮೇಲೆ ಎಂಜಿನಿಯರು ಅವಳಿಗೆ ಕೊಡುತ್ತಿದ್ದದ್ದು ಬರೀ ಕಾಂಪೌಂಡು ಗೋಡೆ, ನೀರಿನ ತೊಟ್ಟಿ, ಸ್ಕೂಟರ್ ಶೆಡ್ಡು. ಕಾಡಿ ಬೇಡಿ ಈ ಸಲ ಒಂದು ಇಡೀ ಶಾಲೆಯ ನಕ್ಷೆ ಗಿಟ್ಟಿಸಿಕೊಂಡಿದ್ದಳು. ಇವತ್ತು ನಾಲ್ಕು ಗಂಟೆಯೊಳಗೆ ಮೊದಲು ನೆಲಮಹಡಿಯದನ್ನು ಕಳಿಸಿದರೆ ಶಾಲೆ ಅವಳದು. ತಪ್ಪಿದರೆ ಮತ್ತೆ ಸ್ಕೂಟರ್ ಶೆಡ್ಡು.

“ಸ್ವಲ್ಪ ಏಳಿ ಮಾವ, ಆಫ್ ಮಾಡ್ತೀನಿ.”

ಮಾವನ ಅಂಗೈ ಥಟ್ಟನೆ ಸ್ವಿಚ್ಚಿನ ಮೇಲೆ ಕೂತಿತು. “ಮುಟ್ಬೇಡ. ಕೆಂಪು ಬಿದ್ದಿದೆ.”

ಮಾವ ರೈಲು ಓಡಿಸಿ ನಿವೃತ್ತರಾದವರು. ಸರ್ವಿಸ್ಸಿನುದ್ದಕ್ಕೂ ಒಂದೇ ಒಂದು ಕೆಂಪು ದೀಪ ದಾಟಿದವರಲ್ಲ. ನಿವೃತ್ತಿಯ ಮೇಲೂ ಆ ಚಾಳಿ ಹೋಗಿರಲಿಲ್ಲ. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲದಾಗ, ನಡೆದು ಹೋಗುವಾಗ ಕೂಡ, ಕೆಂಪು ಕಂಡರೆ ಕೈಚೀಲ ಹಿಡಿದು ಕಂಬದಂತೆ ನಿಲ್ಲುವವರು. “ಎದುರಿಗೆ ಯಾರಾದ್ರೂ ಕೆಂಪು ಅಂಗಿ ಹಾಕ್ಕೊಂಡು ಬಂದ್ರೆ ನಮ್ಮನೆಯವರು ಮನೆಗೇ ಬರಲ್ಲ” ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

“ಇದು ಸಿಗ್ನಲ್ ಅಲ್ಲ ಮಾವ, ಮೋಸ! ಆ ನಂಬರಿಗೆ ಫೋನ್ ಮಾಡಿದ್ರೆ ಬ್ಯಾಂಕಿನ ವಿವರ ಎಲ್ಲಾ ಕೇಳಿ ನುಣ್ಣಗೆ ಬೋಳಿಸ್ತಾರೆ.”

“ಫೋನ್ ನಾನೂ ಮಾಡಲ್ಲ. ಡ್ರೈವರ್ ಆದವನು ಗಾಡಿ ಬಿಟ್ಟಿಳಿದು ಯಾರ್ಯಾರಿಗೋ ಫೋನ್ ಮಾಡ್ತಾ ಕೂರಲ್ಲ. ಆದ್ರೆ ಕೆಂಪು ಕಂಡ ಮೇಲೆ ನಿಲ್ಲಬೇಕು.”

“ಎಲ್ಲೀವರೆಗೆ?”

“ಹಸಿರು ಬೀಳೋವರೆಗೆ.”

“ಇದಕ್ಕೆ ಹಸಿರೇ ಇಲ್ಲ ಮಾವ!”

“ಹಸಿರಿಲ್ಲದ ಸಿಗ್ನಲ್ ಯಾವ ಮೂರ್ಖ ಮಾಡ್ತಾನಮ್ಮ?”

ಕೋಣನ ಮುಂದೆ ಕಿನ್ನರಿ ಬಾರಿಸಿ ಫಲವಿಲ್ಲವೆಂದು ಅವಳು ಬಗ್ಗಿ ಮೇಜಿನ ಕೆಳಗಿನ ಪ್ಲಗ್ಗಿಗೇ ಕೈಹಾಕಿದಳು. ಮಾವನ ಕಾಲು ರೈಲ್ವೆ ಗೇಟಿನಂತೆ ಅಡ್ಡ ಇಳಿಯಿತು. ಗಂಡನಿಗೆ ಫೋನ್ ಮಾಡಿದಳು. ಅವನು ಕಾರ್ಖಾನೆಯಲ್ಲಿದ್ದ, ಅವನ ಫೋನು ಅಲ್ಲಿನ ಲಾಕರಿನೊಳಗೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವಳು ತನ್ನ ಫೋನು ಕೆಳಗಿಡುವಷ್ಟರಲ್ಲಿ ಎಂಜಿನಿಯರೇ ಕರೆ ಮಾಡಿದರು.

“ನಕ್ಷೆ ಎಲ್ಲೀವರೆಗೆ ಬಂತಮ್ಮ? ಇದೇನಿದು ಸೈರನ್ನು, ಮನೇಲಿ ಎಲ್ಲಾ ಕ್ಷೇಮ ತಾನೆ?”

“ಪಕ್ಕದ ರಸ್ತೇಲಿ ಸರ್.”

“ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು, ಶಾಲೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ, ನಿನಗೇ ಅಂತ ಒಂದು ಒಳ್ಳೇ ಸ್ಕೂಟರ್ ಶೆಡ್ ಎತ್ತಿಟ್ಟಿದೀನಿ.”

“ಕಳಿಸ್ತೀನಿ ಸರ್” ಎಂದು ಹೇಳಿ, ಅವಳು ನೆಲದ ಮೇಲೆ ಕುಸಿದು ಕೂತಳು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಈ ಮನುಷ್ಯ ಬಡಪೆಟ್ಟಿಗೆ ಬಗ್ಗುವವರಲ್ಲ. ಅವರ ಹಳಿಯ ಮೇಲೇ ಹೋಗಬೇಕು.

“ಮಾವ, ಒಂದ್ವೇಳೆ ಸಿಗ್ನಲ್ಲೇ ಕೆಟ್ಟು ಕೆಂಪಲ್ಲೇ ನಿಂತುಬಿಟ್ಟಿದ್ರೆ ಏನ್ ಮಾಡ್ತಿದ್ರಿ? ರಿಟೈರ್ ಆಗೋವರೆಗೂ ಅಲ್ಲೇ ಇರ್ತಿದ್ರಾ?”

ಮಾವನ ಮುಖ ಅರಳಿತು. ಆ ಮನೆಯಲ್ಲಿ ಇಂಥ ಪ್ರಶ್ನೆಯನ್ನು ಯಾರೂ ತಾವಾಗಿ ಕೇಳಿದ್ದಿಲ್ಲ. ಅವರು ಶುರುಮಾಡಿದರೆ ಒಬ್ಬೊಬ್ಬರೇ ಎದ್ದುಹೋಗುವುದೇ ಅಲ್ಲಿನ ರೂಢಿ.

“ಅದಕ್ಕೂ ಕ್ರಮ ಇದೆಯಮ್ಮ. ಕೆಟ್ಟಿದೆ ಅಂತ ಡ್ರೈವರ್ ತೀರ್ಮಾನಿಸೋ ಹಾಗಿಲ್ಲ. ಸ್ಟೇಷನ್ ಮಾಸ್ಟರ್ ತೀರ್ಮಾನಿಸ್ಬೇಕು. ಆ ಸಿಗ್ನಲ್ ಬುಡದಲ್ಲಿ ಅವರ ಕಡೆಯವರು ನಿಂತು ಹಸಿರು ಬಾವುಟ ಬೀಸ್ಬೇಕು. ಆಮೇಲೆ ಶಿಳ್ಳೆ ಹೊಡೆದು, ಆಮೆ ಥರ ಮುಂದೆ ಹೋಗ್ಬೇಕು.”

“ಹಾಗಾದ್ರೆ ಈ ಮನೆಗೆ ಸ್ಟೇಷನ್ ಮಾಸ್ಟರ್ ಯಾರು?”

ಮಾವ ಬಾಯಿ ತೆರೆದರು. ಅಡುಗೆಮನೆಯ ಕಡೆ ನೋಡಿದರು. ಬಾಯಿ ಮುಚ್ಚಿದರು. “ಅದು ನಿನಗೂ ಗೊತ್ತಿರೋದೇ” ಎಂದರು, ಸೈರನ್ನಿನ ನಡುವೆ ಕೇಳಿಯೂ ಕೇಳದ ದನಿಯಲ್ಲಿ.

ಅತ್ತೆಗೆ ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತು, ಪರದೆಯನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದರು.

“ಏನ್ರೀ, ನಿಮ್ಮ ಕಾಲದಲ್ಲಿ ಯಾವ ಸಿಗ್ನಲ್ ಫೋನ್ ನಂಬರ್ ಕೊಟ್ಟು, ಹೆಣ್ಣಿನ ದನೀಲಿ ಕರೀತಿತ್ತು? ಕರೆದಿದ್ರೆ ನಾನು ಸುಮ್ನೆ ಇರ್ತಿದ್ನಾ?”

ಮಾವ ಯೋಚಿಸಿದರು. “ಇಲ್ಲ ಕಣೇ. ಯಾವ್ದೂ ಕರೀತಿರ್ಲಿಲ್ಲ.”

“ಹಂಗಿದ್ಮೇಲೆ ಇದು ಕೆಟ್ಟಿದೆ. ನಾನು ಹೇಳ್ತಿದೀನಿ.” ಅತ್ತೆ ಕಂಪ್ಯೂಟರಿನ ಪಕ್ಕ ಬಂದು, ಕೈಯಲ್ಲಿದ್ದ ಪಾತ್ರೆ ಒರೆಸುವ ಟವೆಲನ್ನು ಕೊಡವಿ ಮೇಲೆತ್ತಿದರು.

“ಇದು ಹಸಿರಲ್ವಲ್ಲೇ?”

“ತಂದಾಗ ಹಸಿರೇ ಇತ್ತು. ನೋಡಿ, ಅಂಚಲ್ಲಿ ಇನ್ನೂ ಇದೆ.”

ಮಾವ ಕನ್ನಡಕ ಸರಿಮಾಡಿಕೊಂಡು ಅಂಚನ್ನು ಪರೀಕ್ಷಿಸಿ ತಲೆಯಾಡಿಸಿದರು. ಅತ್ತೆ ಟವೆಲ್ ಬೀಸಿದರು. ಮಾವ ಬೆನ್ನು ನೆಟ್ಟಗೆ ಮಾಡಿ, ಬಾಯಲ್ಲೇ ಉದ್ದಕ್ಕೆ ಕೂ ಎಂದು ಶಿಳ್ಳೆ ಹಾಕಿ, ಸ್ವಿಚ್ಚನ್ನು ಒತ್ತಿಹಿಡಿದರು. ಕೆಂಪು ಹೋಯಿತು. ಆ ಹೆಣ್ಣಿನ ದನಿ ಅರ್ಧ ಮಾತಿನಲ್ಲಿ ಕತ್ತರಿಸಿಹೋಯಿತು.

ಸೊಸೆ ಮತ್ತೆ ಸ್ವಿಚ್ಚು ಒತ್ತಿದಳು. ಫ್ಯಾನು ಗೊರ್ರೆಂದಿತು, ಪರದೆ ಕಪ್ಪಾಗಿಯೇ ಉಳಿಯಿತು. ಬಹಳ ಹೊತ್ತಿನ ಮೇಲೆ ಒಂದು ಬಿಳಿ ಸಾಲು ಮೂಡಿತು: ‘ಡಿಸ್ಕ್ ಪರೀಕ್ಷೆ ನಡೆಯುತ್ತಿದೆ. ಶೇಕಡಾ ಒಂದು.’ ಅವಳಿಗೆ ಆಗ ಹೊಳೆಯಿತು: ಮೆಟ್ಟಿಲು ಬರೆದ ಮೇಲೆ ಸೇವ್ ಮಾಡಿದ್ದೆನೋ ಇಲ್ಲವೋ? ಮಗು ಅತ್ತಿತ್ತು, ಎದ್ದುಹೋಗಿದ್ದಳು. ಅದಕ್ಕೆ ಮುಂಚೆ ಬೆರಳು ಆ ಗುಂಡಿಗಳನ್ನು ಒತ್ತಿತ್ತೇ? ನೆನಪಾಗಲೊಲ್ಲದು. ಗೋಡೆಯ ಗಡಿಯಾರ ಓಡುತ್ತಿತ್ತು, ಪರದೆಯ ಮೇಲೆ ಶೇಕಡಾ ಎರಡು.

“ಇದು ಆಗೋ ಮಾತಲ್ಲ. ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ” ಎಂದು ಕೈಚಾಚಿದಳು.

ಮಾವ ಆ ಕೈಯನ್ನು ಹಿಡಿದುಕೊಂಡರು. “ತಡಿ ಮಗಳೇ. ಕೆಟ್ಟ ಸಿಗ್ನಲ್ ದಾಟಿದ ಮೇಲೆ ಮುಂದಿನ ಸಿಗ್ನಲ್ ಸಿಗೋವರೆಗೆ ತೆವಳ್ಕೊಂಡೇ ಹೋಗ್ಬೇಕು. ಅವಸರ ಮಾಡಿದವರೆಲ್ಲ ಹಳಿ ತಪ್ಪಿದಾರೆ.”

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಡಿಸ್ಕ್ ಪರೀಕ್ಷೆಯ ನಡುವೆ ಆಫ್ ಮಾಡಬಾರದೆಂದು ಅವಳಿಗೂ ಗೊತ್ತಿತ್ತು. ಮೂವರೂ ಪ್ಲಾಟ್‌ಫಾರ್ಮಿನಲ್ಲಿ ನಿಂತವರಂತೆ ಸಾಲಾಗಿ ನಿಂತು ಆ ಅಂಕಿಯನ್ನೇ ನೋಡಿದರು. ಅರವತ್ತಕ್ಕೆ ಬಂದದ್ದು ಅಲ್ಲೇ ಬೇರುಬಿಟ್ಟು ಕೂತಿತು. ಆಮೇಲೆ ಏನನ್ನಿಸಿತೋ ಏನೋ, ಒಂದೇ ನೆಗೆತಕ್ಕೆ ನೂರು ಮುಟ್ಟಿ, ಹಲ್ಲಿಲ್ಲದ ಬಾಯಿ ತೆರೆದು ನಗುವ ಮಗುವಿನ ಫೋಟೋ ಪರದೆಯ ಮೇಲೆ ಬಂತು.

ಸೊಸೆ ನಕ್ಷೆ ತೆರೆದಳು. ತರಗತಿಗಳಿದ್ದವು. ಜಗಲಿ ಇತ್ತು. ಮೆಟ್ಟಿಲು... ಇತ್ತು! ಅವಳ ಕಣ್ಣು ತುಂಬಿ ಬಂತು. ಅತ್ತೆ ಮಾತ್ರ ಬಗ್ಗಿ ಮೂಲೆಯ ಮೇಲೆ ಬೆರಳಿಟ್ಟರು.

“ಇದೇನು ಕೋಣೆ?”

“ಮಕ್ಕಳ ಶೌಚಾಲಯ ಅತ್ತೆ.”

“ಬಾಗಿಲೇ ಇಲ್ವಲ್ಲ. ಕಿಟಕಿ ಹಾರಿ ಹೋಗ್ಬೇಕಾ ಪಾಪದವು?”

ಅದೊಂದೇ ಸೇವ್ ಆಗಿರಲಿಲ್ಲ. ಅವಳು ಬಾಗಿಲು ಬರೆದು, ಸೇವ್ ಒತ್ತಿ, ನಂಬಿಕೆಯಿಲ್ಲದೆ ಇನ್ನೊಮ್ಮೆ ಒತ್ತಿದಳು. ಕಳಿಸಲು ಇಂಟರ್ನೆಟ್ ತೆರೆದಾಗ ಒಂದು ಪುಟ್ಟ ಪ್ರಶ್ನೆ ಇಣುಕಿತು: ‘ಹಿಂದೆ ತೆರೆದಿದ್ದ ಪುಟಗಳನ್ನು ಮತ್ತೆ ತೆರೆಯಲೇ?’

“ಎಷ್ಟು ಮರ್ಯಾದೆಯಿಂದ ಕೇಳ್ತಿದೆ ನೋಡು” ಎಂದರು ಮಾವ. “ಹೂಂ ಅನ್ನು.”

ಸುಸ್ತಾದ ಬೆರಳು ಹೂಂ ಅನ್ನುವುದರಲ್ಲಿತ್ತು. ಟವೆಲ್ ಬಂದು ಮಾವನ ಭುಜಕ್ಕೆ ಛಟ್ಟೆಂದಿತು.

“ಆಗ್ಲೂ ಹಿಂಗೇ ಕೇಳಿತ್ತಲ್ರೀ, ನೀವು ಹೂಂ ಅಂದಿದ್ದು! ಮತ್ತೆ ಆ ಕೆಂಪಿಯ ಮುಂದೇ ಹೋಗಿ ನಿಲ್ಲೋ ಆಸೇನಾ?”

ಸೊಸೆ ಬೆರಳು ಸುಟ್ಟವಳಂತೆ ‘ಬೇಡ’ ಒತ್ತಿದಳು. ನಾಲ್ಕು ಹೊಡೆಯಲು ಇನ್ನೇನು ಮುಳ್ಳು ತವಕಿಸುತ್ತಿರುವಾಗ ಶಾಲೆ ಹೊರಟಿತು. ಸ್ವಲ್ಪ ಹೊತ್ತಿಗೆ ಎಂಜಿನಿಯರರ ಉತ್ತರ ಬಂತು: ‘ತಲುಪಿತು. ನೋಡಿದೆ. ಮುಂದಿನ ಮಹಡಿಯೂ ನೀನೇ ಬರಿ. ಸೈರನ್ ನಿಂತಿತೇ?’

ಅವಳು ಅದನ್ನು ಗಟ್ಟಿಯಾಗಿ ಓದಿದಳು. ಮನೆಯಲ್ಲಿ ಒಂದು ಗಳಿಗೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ.

ಅಷ್ಟು ಹೊತ್ತು ಸೈರನ್ನಿಗೆ ಮಿಸುಕದೆ ಮಲಗಿದ್ದ ಮಗುವಿಗೆ ಆ ನಿಶ್ಶಬ್ದದಿಂದ ಎಚ್ಚರವಾಯಿತು. ಒಳಕೋಣೆಯಿಂದ, ಕಂಪ್ಯೂಟರನ್ನೂ ನಾಚಿಸುವಂಥ ಕೂಗು ಎದ್ದಿತು. ಸೊಸೆ ಕುರ್ಚಿಯ ಕೈಗಳನ್ನು ಹಿಡಿದು ಏಳಹೊರಟಳು. ಅತ್ತೆ ಅವಳ ಹೆಗಲನ್ನು ಒತ್ತಿ ಕೂರಿಸಿ, ಗಂಡನ ಕಡೆ ತಿರುಗಿ ಟವೆಲ್ ಬೀಸಿದರು.

“ನಾನಾ?” ಎಂದರು ಮಾವ.

“ಲೈನ್ ಕ್ಲಿಯರ್ ಇದೆ. ಹೊರಡಿ.”

ಮಾವ ಮೆಲ್ಲಗೆ ಒಂದು ಶಿಳ್ಳೆ ಹಾಕಿ ಹೊರಟರು.