ಹೊಸ ಪ್ರೊಸೆಸರ್ ಬರುವ ತನಕ

ಪದ್ಮಶ್ರೀಯ ಮಾತು ಮೊದಲು ತೊದಲಿದ್ದು ಕೆಂಚಾರ್ಲಹಳ್ಳಿಯ ಹೈಸ್ಕೂಲಿನಲ್ಲಿ, ಒಂಬತ್ತನೇ ತರಗತಿಗೆ ತ್ರಿಭುಜಗಳ ಪಾಠ ಮಾಡುವಾಗ. ‘ಸಮದ್ವಿಬಾಹು’ ಎಂಬ ಪದ ನಾಲಿಗೆಯಲ್ಲಿ ಸಿಕ್ಕಿಕೊಂಡಿತು. ಮಕ್ಕಳು ನಕ್ಕರು, ಅವಳೂ ನಕ್ಕಳು. ದಸರಾ ರಜೆ ಮುಗಿಯುವ ಹೊತ್ತಿಗೆ ಮುಂದಿನ ಬೆಂಚಿನವರಿಗೂ ಅವಳು ಹೇಳಿದ್ದು ತಿಳಿಯದಂತಾಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನೂ ಗಂಡ ಮೋಹನ್‌ಬಾಬುವನ್ನೂ ಒಟ್ಟಿಗೇ ಕೂರಿಸಿ ಹೇಳಿದರು. ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತಾ ಹೋಗುವ ಕಾಯಿಲೆ. ಮಾತು ಪೂರ್ತಿ ನಿಲ್ಲುತ್ತದೆ, ಆಮೇಲೆ ಕೈ, ಕಾಲು. ಬುದ್ಧಿ ಹಾಗೇ ಇರುತ್ತದೆ. ಕಣ್ಣುಗುಡ್ಡೆಗಳ ಚಲನೆ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. “ಕಣ್ಣಿನಲ್ಲೇ ಬರೆಯೋ ಕ್ಯಾಮೆರಾ ಸಿಗುತ್ತೆ. ಕೈ ಚೆನ್ನಾಗಿರುವಾಗಲೇ ಅಭ್ಯಾಸ ಮಾಡಿಕೊಂಡುಬಿಡಿ,” ಎಂದರು.

ಆ ಕ್ಯಾಮೆರಾವನ್ನು ಅವಳ ಶಾಲೆಯ ಸಹೋದ್ಯೋಗಿಗಳೇ ಸೇರಿ ತರಿಸಿಕೊಟ್ಟರು. ಅಡಿಪಟ್ಟಿಯಂಥ ಕಪ್ಪು ಉಪಕರಣ. ಕಂಪ್ಯೂಟರ್ ಪರದೆಯ ಕೆಳಗೆ ಅಂಟಿಸಬೇಕು. ಒಂದು ಅಕ್ಷರವನ್ನು ದಿಟ್ಟಿಸಿದರೆ ಅದು ಮೂಡುತ್ತದೆ, ವಾಕ್ಯ ಮುಗಿದರೆ ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ. ಚಿಂತಾಮಣಿಯ ಅವರ ಮನೆಯಲ್ಲಿದ್ದ ಕಂಪ್ಯೂಟರು ಮಗಳು ಶಿರೀಷಾ ಪ್ರೈಮರಿ ಶಾಲೆಯಲ್ಲಿದ್ದಾಗ ಕೊಂಡದ್ದು. ಈಗ ಅವಳು ಪಿಯುಸಿ. ಕ್ಯಾಮೆರಾ ಜೋಡಿಸಿ ಪದ್ಮಶ್ರೀಯನ್ನು ಎದುರಿಗೆ ಕೂರಿಸಿದರು. ಅವಳು ‘ಅ’ ನೋಡಿದಳು. ಬಾಣದ ಗುರುತು ಕದಲಲಿಲ್ಲ. ಅವಳ ನೋಟ ‘ಉ’ ದಾಟಿದ ಮೇಲೆ ಅದು ಎದ್ದು ‘ಅ’ ಕಡೆ ಹೊರಟಿತು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗಂಗರಾಜು ಕಂಪ್ಯೂಟರನ್ನು ಬಿಚ್ಚಿ ನೋಡಿದ.

“ಕ್ಯಾಮೆರಾದೇನೂ ತಪ್ಪಿಲ್ಲ ಸರ್. ನಿಮ್ಮ ಪ್ರೊಸೆಸರ್ ಹಳೇದು. ಕಣ್ಣು ಎಲ್ಲಿ ನೋಡ್ತಿದೆ ಅಂತ ಅದು ಒಂದೇ ಸಮ ಲೆಕ್ಕ ಹಾಕ್ತಾ ಇರ್ಬೇಕು. ಇದ್ರ ಕೈಲಿ ಆಗಲ್ಲ. ಪ್ರೊಸೆಸರ್, ಬೋರ್ಡು, ರ‍್ಯಾಮು ಮೂರೂ ಬದಲಾಯಿಸ್ಬೇಕು.” ಪ್ರೊಸೆಸರಿನ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. “ನಿಮ್ಮ ಕೆಲ್ಸಕ್ಕೆ ಇದು ಬೇಕಾದಷ್ಟಾಯ್ತು.”

ಮೋಹನ್‌ಬಾಬು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದ. “ಇದಾದ್ಮೇಲಿಂದು, ಹೊಸದು, ಬರುತ್ತಂತಲ್ಲ?”

“ಮಳೆಗಾಲ ಕಳೆದ್ಮೇಲೆ ಅಂತಾರೆ.”

“ಅದು ಈ ಬೋರ್ಡಿಗೆ ಕೂರುತ್ತಾ?”

“ಕೂರಲ್ಲ ಸರ್.”

“ಹಂಗಾದ್ರೆ ಈಗ ತಗೊಂಡ್ರೆ ಇದಕ್ಕೇ ಸಿಕ್ಕಾಕ್ಕೊಂಡಂಗೆ.”

ಗಂಗರಾಜು ಸುಳ್ಳು ಹೇಳಿ ಮಾರುವವನಲ್ಲ. “ಅದೇನೋ ನಿಜಾನೇ. ಕಾದ್ರೆ ಒಳ್ಳೇದು ಸಿಗುತ್ತೆ. ನಿಮಗೆ ಅರ್ಜೆಂಟಾ?”

“ಅಷ್ಟೇನಿಲ್ಲ,” ಎಂದ ಮೋಹನ್‌ಬಾಬು.

ಆಗ ಅದು ಸುಳ್ಳೂ ಆಗಿರಲಿಲ್ಲ. ಪದ್ಮಶ್ರೀ ಶಾಲೆ ಬಿಟ್ಟಿದ್ದಳು, ಆದರೆ ಗೋಡೆ ಹಿಡಿದು ಓಡಾಡುತ್ತಿದ್ದಳು. ಹೇಳಬೇಕಾದ್ದನ್ನು ಫೋನಿನಲ್ಲಿ ಹೆಬ್ಬೆರಳಿಂದ ಬರೆದು ತೋರಿಸುತ್ತಿದ್ದಳು.

ಮೋಹನ್‌ಬಾಬು ತರಕಾರಿ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಆಫೀಸರ್. ಬೆಳಗಾದರೆ ಬೈಕು ಹತ್ತಿ ಶಿಡ್ಲಘಟ್ಟ, ಗೌರಿಬಿದನೂರು ಕಡೆ ತೋಟಗಳನ್ನು ಸುತ್ತುವುದು, ಟೊಮೆಟೊ ನಾಟಿ ನೋಡುವುದು. ಸಂಜೆ ಬಂದವನು ಕೈಕಾಲು ತೊಳೆದು ಹಜಾರದಲ್ಲಿ ಕೂತು ಪ್ರೊಸೆಸರ್‌ಗಳ ವಿಡಿಯೊ ಹಾಕಿಕೊಳ್ಳುವುದು ರೂಢಿಯಾಯಿತು. ಯಾವುದು ಬಿಸಿಯಾಗುತ್ತದೆ, ಯಾವುದು ಕಡಿಮೆ ಕರೆಂಟು ತಿನ್ನುತ್ತದೆ, ಯಾವುದು ಐದು ವರ್ಷ ಬಾಳುತ್ತದೆ. ಆ ವಿಡಿಯೊಗಳಲ್ಲಿ ಪ್ರತಿ ಪ್ರಶ್ನೆಗೂ ಒಂದು ಉತ್ತರವಿರುತ್ತಿತ್ತು. ಒಳಗಿನ ಕೋಣೆಯಲ್ಲಿ ಹೆಂಡತಿ ಗುಟುಕು ನೀರಿಗೂ ಕೆಮ್ಮುತ್ತಿದ್ದಳು; ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ.

ಒಂದು ಸಂಜೆ ಅವಳು ಫೋನು ಚಾಚಿದಳು. ‘ಕಂಪ್ಯೂಟರ್ ಏನಾಯ್ತುರೀ?’

“ಹೊಸದು ಬರ್ತಾ ಇದೆ ಕಣೇ. ಇನ್ನು ಸ್ವಲ್ಪ ದಿನ. ನಿಂಗೆ ತಂದ್ರೆ ಒಳ್ಳೇದೇ ತರ್ಬೇಕು.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ‘ಸರಿ’ ಎಂದು ಬರೆದಳು.

ಮಳೆಗಾಲ ಕಳೆಯಿತು. ಹೊಸ ಪ್ರೊಸೆಸರ್ ಬಂತು. ಮೊದಲ ಕಂತಿನವು ಸರಿಯಿಲ್ಲ, ನಡುವೆ ನಿಂತುಬಿಡುತ್ತವೆ ಎಂದು ಕೊಂಡವರು ಬರೆದಿದ್ದನ್ನು ಮೋಹನ್‌ಬಾಬು ಓದಿದ. ಅವಳು ಮಾತಿನ ಮಧ್ಯದಲ್ಲಿರುವಾಗ ನಿಂತರೆ? ಮುಂದಿನ ಕಂತು ಬರಲಿ ಎಂದುಕೊಂಡ. ಅಷ್ಟರಲ್ಲಿ ರ‍್ಯಾಮಿನ ಬೆಲೆ ಎಲ್ಲ ಕಡೆ ಏರತೊಡಗಿತು. ಇಳಿಯುತ್ತದೆ ಎಂದು ಕೆಲವರು, ಇಳಿಯುವುದಿಲ್ಲ ಎಂದು ಕೆಲವರು. ಅವನು ಇಳಿಯುತ್ತದೆ ಎಂದವರ ಮಾತನ್ನು ನಂಬಿದ.

“ಅಪ್ಪ, ಯಾವ್ದೋ ಒಂದು ತಗೊಂಬಂದ್ಬಿಡು,” ಎಂದಳು ಶಿರೀಷಾ. “ಅಮ್ಮಂಗೇನು ಗೇಮ್ ಆಡ್ಬೇಕಾ?”

“ತಿಳ್ಕೊಳ್ದೆ ಮಾತಾಡ್ಬೇಡಮ್ಮ. ತಪ್ಪು ತಗೊಂಡ್ರೆ ಆಮೇಲೆ ಬದಲಾಯಿಸಕ್ಕಾಗಲ್ಲ.”

ಪದ್ಮಶ್ರೀಯ ಆರೈಕೆಗೆಂದು ನಂದಿಯಿಂದ ಬಂದಿದ್ದ ಅವಳ ತಾಯಿ ರಾಮಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೊಮ್ಮಗಳು ಎದ್ದು ಹೋದ ಮೇಲೆ ಅವನ ಹತ್ತಿರ ಬಂದು ಕೂತರು.

“ಒಂದು ಮಾತು ಕೇಳ್ತೀನಿ ನಾಯನಾ, ಬೇಜಾರು ಮಾಡ್ಕೋಬೇಡ. ಅದು ಮನೆಗೆ ಬಂದ್ರೆ ಪದ್ಮಂಗೆ ಇನ್ನು ಮಾತು ವಾಪಸ್ ಬರಲ್ಲ ಅಂತ ಆಗೋಗುತ್ತೆ. ಅದಕ್ಕೇ ತಾನೆ ತರ್ತಿಲ್ಲ ನೀನು?”

“ಹಂಗೇನಿಲ್ಲ ಅತ್ತೆ. ರೇಟು ಇಳೀಲಿ ಅಂತ.”

“ನಾನು ಹೆತ್ತೋಳು. ನಂಗೂ ಆಸೆ ಇತ್ತು. ಈಗ ಬಿಟ್ಟಿದ್ದೀನಿ. ನೀನೂ ಬಿಡು.”

ಅವನು ಫೋನಿನಿಂದ ತಲೆ ಎತ್ತಲಿಲ್ಲ. ಅವರು ಹೇಳಿದ್ದು ನಿಜವೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದ ಮೇಲೂ ಅವನು ಅಂಗಡಿಗೆ ಹೋಗಲಿಲ್ಲ.

ಕಾರ್ತಿಕದ ಚಳಿ ಹಿಡಿಯುವಾಗ ಪದ್ಮಶ್ರೀಯ ಹೆಬ್ಬೆರಳು ನಿಂತಿತು. ಹಿಂದಿನ ದಿನ ಸಂಜೆ ನಿಧಾನವಾಗಿಯಾದರೂ ಬರೆದಿದ್ದಳು. ಬೆಳಗ್ಗೆ ಫೋನು ಕೈಯಲ್ಲಿಟ್ಟರೆ ಜಾರಿ ಹಾಸಿಗೆಗೆ ಬಿತ್ತು. ಶಿರೀಷಾ ದೊಡ್ಡ ರಟ್ಟಿನ ಮೇಲೆ ಅಕ್ಷರಮಾಲೆ ಬರೆದಳು. ಅವಳು ಸಾಲು ತೋರಿಸುತ್ತಾ ಹೋಗುವುದು, ಬೇಕಾದ ಸಾಲು ಬಂದಾಗ ಅಮ್ಮ ಕಣ್ಣು ಮುಚ್ಚುವುದು. ಆಮೇಲೆ ಆ ಸಾಲಿನ ಒಂದೊಂದೇ ಅಕ್ಷರ. ವ್ಯಂಜನ ಸಿಕ್ಕರೆ ಸ್ವರ ಹುಡುಕಬೇಕು, ಸ್ವರ ಸಿಕ್ಕರೆ ಒತ್ತು ಇದೆಯೇ ಎಂದು ಕೇಳಬೇಕು. ‘ಬೆನ್ನು’ ಎಂಬ ಎರಡಕ್ಷರ ಮುಗಿಯುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಆರಿತ್ತು.

ಒಂದು ಭಾನುವಾರ ಮೋಹನ್‌ಬಾಬು ತಾನೇ ರಟ್ಟು ಹಿಡಿದು ಕೂತ. ‘ನಿ’ ಬಂತು. ‘ಮ’ ಬಂತು. ‘ಗೆ’ ಬಂತು. ಅವಳು ಅವನಿಗೇ ಏನನ್ನೋ ಹೇಳಲು ಹೊರಟಿದ್ದಳು. ಮುಂದಿನ ಅಕ್ಷರಕ್ಕೆ ಅವನು ಎಲ್ಲ ಸಾಲುಗಳನ್ನೂ ತೋರಿಸಿದ, ಮತ್ತೊಮ್ಮೆ ತೋರಿಸಿದ. ಅವಳ ಕಣ್ಣು ರಟ್ಟನ್ನು ಬಿಟ್ಟು ಕಿಟಕಿಯ ಕಡೆ ತಿರುಗಿತ್ತು. “ಸುಸ್ತಾಯ್ತಾ?” ಎಂದು ಕೇಳಿದ. ಹೌದೆಂದು ಕಣ್ಣು ಮುಚ್ಚಿದಳು. ‘ನಿಮಗೆ’ ಎಂಬುದರ ಮುಂದೆ ಏನಿತ್ತೋ ಅವನಿಗೆ ಎಂದೂ ತಿಳಿಯಲಿಲ್ಲ.

ಮರುದಿನ ಅವನು ಗಂಗರಾಜುವಿಗೆ ಫೋನು ಮಾಡಿ, “ಈ ವಾರ ಬರ್ತೀನಿ,” ಎಂದ. ಆ ವಾರವೇ ಪದ್ಮಶ್ರೀಗೆ ಕಫ ಕಟ್ಟಿ ಜ್ವರ ಏರಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದರು. ಉಸಿರಾಟಕ್ಕೆಂದು ಗಂಟಲಿಗೆ ರಂಧ್ರ ಮಾಡಿ ಕೊಳವೆ ಇಟ್ಟರು. ಬಹಳ ದಿನಗಳ ಮೇಲೆ ಮನೆಗೆ ಕರೆತಂದಾಗ ಅವಳು ಬೇರೆಯೇ ಆಗಿದ್ದಳು. ಮುಚ್ಚಿದ ರೆಪ್ಪೆ ಸುಲಭಕ್ಕೆ ತೆರೆಯುತ್ತಿರಲಿಲ್ಲ. ತೆರೆದರೂ ಅರ್ಧಕ್ಕೆ ನಿಂತು ಇಳಿಯುತ್ತಿತ್ತು.

ಈಗ ಮೋಹನ್‌ಬಾಬು ಯಾವ ವಿಡಿಯೊವನ್ನೂ ನೋಡಲಿಲ್ಲ. ಅಂಗಡಿಗೆ ಹೋಗಿ, “ಯಾವುದಿದ್ಯೋ ಅದನ್ನ ಹಾಕಿ ಕೊಡು ಗಂಗರಾಜು,” ಎಂದ. ಹೆಸರು ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

ಗಂಗರಾಜು ತಾನೇ ಚಿಂತಾಮಣಿಗೆ ಬಂದು ಎಲ್ಲವನ್ನೂ ಜೋಡಿಸಿದ. ಮೊದಲು ಮೋಹನ್‌ಬಾಬುವನ್ನು ಎದುರು ಕೂರಿಸಿ ಪರೀಕ್ಷಿಸಿದ. ಬಾಣ ಅವನ ನೋಟದ ಜೊತೆಗೇ ಓಡಿತು. ನೋಡಿದ ಅಕ್ಷರ ತಟ್ಟನೆ ಮೂಡಿತು. ಅವನು ‘ಪದ್ಮ’ ಎಂದು ಬರೆದ. ಕಂಪ್ಯೂಟರು ಯಾರದೋ ಹೆಣ್ಣುದನಿಯಲ್ಲಿ “ಪದ್ಮ” ಎಂದು ಕರೆಯಿತು. ಹಾಸಿಗೆಯಲ್ಲಿದ್ದವಳ ರೆಪ್ಪೆ ಅದುರಿತು.

ಆಮೇಲೆ ಹಾಸಿಗೆಯ ತಲೆಭಾಗ ಎತ್ತರಿಸಿ ಪರದೆಯನ್ನು ಅವಳೆದುರು ತಂದರು. ಮೊದಲು ಮೂಲೆಮೂಲೆಗೆ ಬರುವ ಚುಕ್ಕಿಗಳನ್ನು ನೋಡಬೇಕು. ಕ್ಯಾಮೆರಾಕ್ಕೆ ಅವಳ ಕಣ್ಣಿನ ಪರಿಚಯವಾಗುವುದೇ ಹಾಗೆ. ಒಂದು ಚುಕ್ಕಿ ನೋಡಿದಳು. ಎರಡನೆಯದಕ್ಕೆ ರೆಪ್ಪೆ ಇಳಿಯಿತು. ‘ಕಣ್ಣುಗಳು ಕಾಣುತ್ತಿಲ್ಲ’ ಎಂದು ಪರದೆಯ ಮೇಲೆ ಬಂತು. ಶಿರೀಷಾ ಬೆರಳಿನಿಂದ ಅಮ್ಮನ ರೆಪ್ಪೆಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದಳು. ಅವಳ ಕೈಯೇ ಕ್ಯಾಮೆರಾಕ್ಕೆ ಅಡ್ಡ ಬಂತು. ಗಂಗರಾಜು ಕ್ಯಾಮೆರಾ ಓರೆ ಮಾಡಿದ, ದೀಪ ಬದಲಿಸಿದ, ಮತ್ತೆ ಮತ್ತೆ ಶುರು ಮಾಡಿದ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, “ಮೊದ್ಲೇ ಕಲ್ತಿದ್ದಿದ್ರೆ ಅರ್ಧ ಕಣ್ಣಲ್ಲೂ ನಡೀತಿತ್ತೇನೋ ಸರ್,” ಎಂದ. ಹೇಳಬಾರದಿತ್ತು ಅನಿಸಿ, “ಆದ್ರೂ ದಿನಾ ನೋಡಿ,” ಎಂದು ಸೇರಿಸಿದ.

ಅವಳಿಗೆ ಆಯಾಸವಾಗುವ ಮೊದಲೇ ಎಂದು ದಿನವೂ ಬೆಳಗ್ಗೆ ನೋಡಿದರು. ಒಂದು ದಿನ ಚುಕ್ಕಿಗಳೆಲ್ಲ ಮುಗಿದವು. ಬಾಣ ನಡುಗುತ್ತಾ ಹೋಗಿ ‘ಸ’ ಮೇಲೆ ಕೂತಿತು. ರಾಮಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಬಾಣ ಪರದೆಯ ಅಂಚಿಗೆ ಜಾರಿತು, ಮತ್ತೆ ಬರಲಿಲ್ಲ. ಮುಂದಿನ ವಾರ ಅಷ್ಟೂ ಆಗಲಿಲ್ಲ. ಪರದೆ ಎದುರಿಗೆ ತಂದ ಕೂಡಲೇ ಅವಳ ಕಣ್ಣಂಚಲ್ಲಿ ನೀರು ಇಳಿಯತೊಡಗಿತು.

“ಬೇಡ್ವಾ ಪದ್ಮ? ತೆಗೆದ್ಬಿಡ್ಲಾ?” ಎಂದು ಮೋಹನ್‌ಬಾಬು ಕೇಳಿದ.

ಅವಳು ನಿಧಾನವಾಗಿ ಕಣ್ಣು ಮುಚ್ಚಿದಳು.

ಅವನು ವೈರುಗಳನ್ನೆಲ್ಲ ಬಿಚ್ಚಿ ಸುತ್ತಿ ಹಜಾರಕ್ಕೆ ತಂದಿಟ್ಟ. ಶಿರೀಷಾ ಅವನ ಹಿಂದೆಯೇ ಬಂದಳು.

“ಅಪ್ಪ, ನೀನು ಅಮ್ಮನ್ನ ಏನೋ ಕೇಳ್ಬೇಕು ಅಂತಿದ್ದೀಯ. ದಿನಾ ಹತ್ರ ಹೋಗಿ ಹೋಗಿ ಸುಮ್ನೆ ಬರ್ತೀಯ.”

“ಏನಿಲ್ಲ.”

“ನನ್ಮೇಲೆ ಕೋಪಾನಾ ಅಂತ ತಾನೆ? ಕೇಳ್ಬಿಡಪ್ಪ. ಹೌದು ಅಲ್ಲ ಅಂತ ಹೇಳೋಷ್ಟು ಇನ್ನೂ ಆಗುತ್ತೆ ಅಮ್ಮಂಗೆ. ಆಮೇಲೆ ಅದೂ ಆಗಲ್ಲ.”

ಅವನು ಒಳಗೆ ಹೋದ. ಪದ್ಮಶ್ರೀ ಎಚ್ಚರವಾಗಿದ್ದಳು. ಅರ್ಧ ತೆರೆದ ಕಣ್ಣು ಅವನನ್ನೇ ನೋಡುತ್ತಿತ್ತು. ಅವನು ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

“ದಿಂಬು ಸ್ವಲ್ಪ ಮೇಲಕ್ಕೆ ಮಾಡ್ಲಾ?” ಎಂದ.

ಅವಳು ಕಣ್ಣು ಮುಚ್ಚಿದಳು. ಅವನು ದಿಂಬನ್ನು ಮೇಲಕ್ಕೆ ಮಾಡಿದ.