ಒಂದೆಲಗದ ಲೋಟ

ಮುರಳೀಧರರು ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದು ಗುಂಡಿ ತಿರುಗಿಸಿದರು. ಹೊರಗಿನ ಕೋಣೆಯಲ್ಲಿ ಅವರ ಹೆಂಡತಿ ಲೀಲಾರ ದೇಹದ ಸುತ್ತ ಕೂತಿದ್ದವರೆಲ್ಲ ಅಡುಗೆಮನೆಯತ್ತ ತಿರುಗಿದರು.

“ಅಪ್ಪಾ, ಬಂದ್ ಮಾಡಿ! ಜನ ಕೂತಿದಾರೆ.” ಮಗಳು ವೈಜಯಂತಿ ಓಡಿಬಂದಳು. “ಅಮ್ಮ ಈಗ ಕುಡೀತಾರಾ?”

“ಬೆಳಗಾಯ್ತಲ್ಲ ಪುಟ್ಟಿ. ಕೈ ತಾನಾಗೇ ಹೋಯ್ತು.”

ಹಸಿರು ರಸ ಲೋಟಕ್ಕಿಳಿಯಿತು. ಬಾಗಿಲಲ್ಲಿ ಮೇಲ್ಮಹಡಿಯ ಧಾರಿಣಿ ನಿಂತಿದ್ದಳು. ದೆಹಲಿಯ ಕಿದ್ವಾಯಿ ನಗರದ ಆ ಕ್ವಾರ್ಟರ್ಸಿನಲ್ಲಿ ಇವರ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಸೊಪ್ಪುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು.

*

೨೦೦೫ರಲ್ಲಿ ಲೀಲಾರಿಗೆ ಅಲ್ಝೈಮರ್ಸ್ ಎಂದು ಗೊತ್ತಾದಾಗ ಮುರಳೀಧರರು ಕೇಳಿದ್ದು ಧಾರಿಣಿಯನ್ನೇ.

“ಸೊಪ್ಪಲ್ಲಿರೋ ಆಂಟಿಆಕ್ಸಿಡೆಂಟು ಇಲಿಗಳ ಮೆದುಳಿಗೆ ಸ್ವಲ್ಪ ಒಳ್ಳೇದು ಮಾಡಿದ ಹಾಗೆ ಕಾಣ್ತಿದೆ, ಅಂಕಲ್. ಮನುಷ್ಯರದ್ದು ಇನ್ನೂ ಗೊತ್ತಿಲ್ಲ.”

ಅವರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮೈಸೂರಿನಿಂದ ರೈಲಿನಲ್ಲಿ ಒಂದೆಲಗದ ಬಳ್ಳಿ ಬಂತು. ಬಾಲ್ಕನಿಗೆ ಒದ್ದೆ ಗೋಣಿ ಕಟ್ಟಿ, ದೆಹಲಿಯ ಬಿಸಿಲಿನಿಂದ ಅದನ್ನು ಉಳಿಸಿಕೊಂಡರು.

ಲೀಲಾ ಗಂಡನ ಹೆಸರು ಮರೆತರು. ಹಳೆಯ ರಾಜ-ರಾಣಿ ಸಿನಿಮಾಗಳ ಮಾತು ಮರೆಯಲಿಲ್ಲ.

“ವಿಷವೇನೋ ದುಷ್ಟ?” ಲೋಟ ಕಂಡೊಡನೆ ಗುಡುಗುತ್ತಿದ್ದರು.

ಮುರಳೀಧರರು ಇಲ್ಲದ ಮೀಸೆ ತಿರುವುತ್ತಿದ್ದರು. “ಕುಡಿ, ರಾಜಕುಮಾರಿ! ಈ ಕೋಟೆಯಿಂದ ನಿನಗೆ ಬಿಡುಗಡೆಯಿಲ್ಲ! ಹಹ್ಹಹ್ಹಾ!”

“ಥೂ ಪಾಪಿ!” ಎಂದು ನಕ್ಕು, ಗಟಗಟ ಕುಡಿದು, ಸೆರಗಿನಲ್ಲಿ ಹಸಿರು ಬಾಯಿ ಒರೆಸಿಕೊಳ್ಳುತ್ತಿದ್ದರು.

ಕಳೆದ ತಿಂಗಳಿಂದ ಲೀಲಾ ಸುಮ್ಮನೆ ಬಾಯಿ ತೆರೆಯುತ್ತಿದ್ದರು. ಆದರೂ ಮುರಳೀಧರರು ಮೀಸೆ ತಿರುವಿ, ಆ ‘ಥೂ ಪಾಪಿ’ಗಾಗಿ ಸ್ವಲ್ಪ ಹೊತ್ತು ಕಾದೇ ಲೋಟ ಎತ್ತುತ್ತಿದ್ದರು.

*

“ಧಾರಿಣಿ, ನಿಜ ಹೇಳಮ್ಮ. ನಾನು ಕಮ್ಮಿ ಕೊಟ್ನಾ? ಇನ್ನೊಂದು ಹಿಡಿ ಹಾಕಿದ್ರೆ ಉಳೀತಿದ್ಲಾ?”

“ಕಮ್ಮಿ ಅಲ್ಲ ಅಂಕಲ್. ಎಷ್ಟು ಕೊಡ್ಬೇಕು, ಕೊಟ್ರೆ ಏನಾಗತ್ತೆ... ನಮ್ಮ ಲ್ಯಾಬಿಗೇ ಗೊತ್ತಿಲ್ಲ.”

“ಹಾಗಾದ್ರೆ ಇಷ್ಟು ದಿನ ಬರೀ ಸೊಪ್ಪು ಕುಡಿಸಿದ್ನಾ?”

ಅವಳು ಮಿಕ್ಸರಿನ ಪ್ಲಗ್ ಕಿತ್ತಳು.

“ಚಲೋ ಅಪ್ಪಾ,” ವೈಜಯಂತಿ ತೋಳು ಹಿಡಿದಳು. “ಶಾಸ್ತ್ರಿಗಳು ಕರೀತಿದಾರೆ.”

ಒಬ್ಬೊಬ್ಬರೇ ಲೀಲಾರ ತುಟಿಗೆ ತುಳಸಿಯಿಂದ ಗಂಗಾಜಲ ಬಿಟ್ಟು ಸರಿದರು. ಮುರಳೀಧರರು ತುಳಸಿ ಕುಡಿಯನ್ನು ಕೈಯಲ್ಲೇ ಹಿಡಿದು ತಂದಿದ್ದ ರಸದ ಲೋಟದಲ್ಲಿ ಅದ್ದಿದರು.

“ರಾಯರೇ, ಗಂಗಾಜಲ ಇಲ್ಲಿದೆ,” ಎಂದರು ಶಾಸ್ತ್ರಿಗಳು.

“ಇರ್ಲಿ ಬಿಡಿ. ಅಪ್ಪ ಅದನ್ನೇ ಹಾಕ್ಲಿ.”

ಹಸಿರು ಹನಿ ತುಟಿಯಿಂದ ಜಾರಿ ಗಲ್ಲಕ್ಕಿಳಿಯಿತು. ಕೆಳಗೆ ವ್ಯಾನಿನವನು ಹಾರ್ನ್ ಹೊಡೆದ. ಚಟ್ಟ ಎತ್ತಲು ನಾಲ್ವರು ಬಗ್ಗಿದರು.

“ಒಂದ್ನಿಮಿಷ,” ಎಂದರು ಮುರಳೀಧರರು.

ಮಂಡಿಯೂರಿ, ಹೆಂಡತಿಯ ತುಟಿಯ ಹತ್ತಿರ ಕಿವಿ ತಂದರು. ಬೆರಳುಗಳು ಇಲ್ಲದ ಮೀಸೆಯನ್ನು ಮೆಲ್ಲಗೆ ತಿರುವುತ್ತಿದ್ದವು.