ಫ-೧-೬

ಮಾಗಡಿ ಕೆರೆಗೆ ಹೆಬ್ಬಾತುಗಳು ಬಂದಿಳಿದು ವಾರವಾಗಿತ್ತು. ಕೆಂಪೇರಿದ ಮೆಣಸಿನಕಾಯಿ ಬಿಡಿಸಲು ಹೆಂಗಸರು ಸಾಲು ಹಿಡಿದಿದ್ದರು. ಬದುವಿನ ಮೇಲೆ ಕುಳಿತ ಯಾಸ್ಮೀನಳ ಮಡಿಲಲ್ಲಿ ಎರಡು ಕಟ್ಟು ಹಾಳೆಗಳಿದ್ದವು. ಬೆಳೆಗೆ ಔಷಧ ಹೊಡೆಯುವಾಗ ಜೀವ ಕಾಪಾಡಿಕೊಳ್ಳುವುದನ್ನು ಈ ಹೆಂಗಸರಿಗೆ ಕಲಿಸಿದವಳು ಅವಳೇ. ಒಂದು ಕಟ್ಟು ತರಬೇತಿಗೆ ಮುಂಚಿನ ಪರೀಕ್ಷೆ, ಇನ್ನೊಂದು ನಂತರದ್ದು.

ಹೆಸರು ಬರೆಸಿದರೆ ನಾಚುತ್ತಾರೆಂದು ಗದಗಿನ ಕಚೇರಿಯವರು ಒಬ್ಬೊಬ್ಬಳ ಎರಡೂ ಹಾಳೆ ಜೋಡಿಸಲು ಬರೀ ಗುರುತು ಬರೆಸಿದ್ದರು: ತಾಯಿಯ ಹೆಸರಿನ ಮೊದಲ ಅಕ್ಷರ, ಹುಟ್ಟಿದ ದಿನ, ತಿಂಗಳು. ಶಿರಹಟ್ಟಿ ಸೀಮೆಯಲ್ಲಿ ಯಾರ ತಾಯಿಯನ್ನು ಕೇಳಿದರೂ ಫಕ್ಕೀರವ್ವ, ಇಲ್ಲವೇ ಫಕೀರಬಿ. ಹುಟ್ಟಿದ ದಿನವೋ, ಶಾಲೆಯ ಮಾಸ್ತರರು ಬರೆದುಕೊಂಡ ಜೂನ್ ಒಂದು. ಒಂದೊಂದು ಕಟ್ಟಿನ ಮೂವತ್ತೆಂಟು ಹಾಳೆಗಳಲ್ಲಿ ಇಪ್ಪತ್ತಾರರ ಮೇಲೆ ಫ-೧-೬.

ಫೋನಿನಲ್ಲಿ ಮೇಲಧಿಕಾರಿ ಕಳಕೇಶ ರೇಗುತ್ತಿದ್ದ. "ಮೊದಲಿನ ಕಡಿಮಿ ಅಂಕದ ಹಾಳಿಗೆ ಈಗಿನ ಹೆಚ್ಚಿನ ಅಂಕದ್ದ ಜೋಡಿಸಿ, ಸಹಿ ಹಾಕಿ ಕಳಸ್ರಿ. ಎಲ್ಲಾರೂ ಕಲತಾರ ಅಂತ ಆಕ್ಕೈತಿ."

"ಗುಡಿ ಮುಂದ ಬಿಟ್ಟ ಚಪ್ಪಲಿ ಸೈತ ಅಳತಿ ನೋಡಿ ಮೆಟ್ಟತಾರಿ ಸರ! ಸರಾಸರಿ ಏರೈತಿ, ಅಷ್ಟ ಬರೀತೇನಿ. ಯಾರದು ಏರೈತಿ, ಯಾರದು ಇಳದೈತಿ ನನಗ ಗೊತ್ತಿಲ್ಲ. ಔಷಧದ ಖಾಲಿ ಡಬ್ಬಿಯೊಳಗ ಕುಡಿಯೋ ನೀರ ತುಂಬತೀವಿ ಅಂತ ಮೊದಲೂ ಒಂಬತ್ತ ಮಂದಿ ಬರದಾರ, ಈಗೂ ಒಂಬತ್ತ ಮಂದಿ."

"ಅದ ಒಂಬತ್ತ ದಡ್ಡರು. ಬಿಡ್ರಿ ಅವರನ್ನ."

ಯಾಸ್ಮೀನ ಫೋನು ಕಟ್ ಮಾಡಿದಳು.

ಬುಟ್ಟಿ ಸುರುವಲು ಬಂದ ಶಾರದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೇಡಮ್ಮಾರ, ನಂದು ಏರೈತೋ ಇಳದೈತೋ ಹೇಳ್ತೇನಿ ಅಂದಿದ್ರಿ. ಆ ಮಾತ ಹಂಗ ಬಾಕಿ ಐತಿ ನೋಡ್ರಿ."

"ನಿಮ್ಮ ಅವ್ವನ ಹೆಸರೇನ್ರಿ?"

"ಫಕ್ಕೀರವ್ವ. ಮತ್ತೇನ ಇರತೈತಿ?" ಶಾರದವ್ವ ನಕ್ಕು, ನೆರಳಲ್ಲಿದ್ದ ನೀಲಿ ಡಬ್ಬಿ ಎತ್ತಿ ಬಾಯಿಗೆ ಹಿಡಿದಳು. ಅದರ ಮೇಲಿನ ವಿಷದ ಕೆಂಪು ಗುರುತು ಅರ್ಧ ಸವೆದಿತ್ತು.

ಯಾಸ್ಮೀನ ಡಬ್ಬಿ ಕಸಿದು ನೀರು ಚೆಲ್ಲಿದಳು.

"ಏ, ಹುಚ್ಚ ಹಿಡದೈತೇನ ನಿಮಗ? ಮೂರ ಸಲ ತೊಳದೇನಿ! ತೊಳೀರಿ ಅಂತ ನೀವ ಹೇಳಿದ್ರಲ್ಲ? ಮೊದಲ ನಾ ಇದನ್ನ ಮುಟ್ಟತಿರಲಿಲ್ಲ, ಕೊಡದಾಗ ತರತಿದ್ನಿ."

ಮೊದಲೂ ಒಂಬತ್ತು, ಈಗಲೂ ಒಂಬತ್ತು. ಆದರೆ ಅದೇ ಒಂಬತ್ತಲ್ಲ; ಬಿಟ್ಟವರಷ್ಟೇ ಹೊಸದಾಗಿ ಹಿಡಿದವರೂ ಇದ್ದರು. ಮೂರು ಸಲ ತೊಳೆದು, ತೂತು ಹಾಕಿ, ಎಸೆಯಿರಿ ಎನ್ನಬೇಕಿತ್ತು. ತರಬೇತಿಯ ದಿನ ಊಟದ ಗಾಡಿ ಬಂತೆಂದು ತೊಳೆಯುವಲ್ಲಿಗೇ ಮಾತು ನಿಲ್ಲಿಸಿದ್ದಳು. ಕಳಕೇಶನ ಮೇಲಿದ್ದ ಸಿಟ್ಟು ತಿರುಗಿ ಅವಳ ಎದೆಗೇ ಬಂತು.

"ನಿಮ್ಮದು ಇಳದೈತಿ ಶಾರದವ್ವಾರ," ಎಂದಳು. "ಇಳಿಸಿದಾಕಿ ನಾನ."

ಬದುವಿನಲ್ಲಿದ್ದ ಕುಡಗೋಲೆತ್ತಿ ಡಬ್ಬಿಯ ತಳಕ್ಕೆ ಇರಿದಳು. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು.

"ಕೂಗ್ರಿ ಎಲ್ಲಾರನ್ನೂ. ಮನ್ಯಾಗಿನ ಡಬ್ಬಿ ತರಲಿ. ಇನ್ನೂ ಎಂಟ ಅದಾವ."